ಜಿಂಕೆಗೂ ಕಾಡುಹಂದಿಗೂ ಒಂದೇ ರೈಫಲ್: ಟೆಕ್ಸಸ್‌ನಲ್ಲಿ ಮೊದಲ ಸಲ ಕೊಳ್ಳುವವರಿಗೆ

ಟೆಕ್ಸಸ್‌ಗೆ ಬಂದು ನೆಲೆಸಿದ ಕನ್ನಡದವರಲ್ಲಿ ಬೇಟೆಯ ಆಸೆ ಇರುವವರು ಇದ್ದಾರೆ. ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆಯವರಾದರೆ ಮನೆಯಲ್ಲಿ ಕೋವಿ ನೋಡಿಕೊಂಡೇ ಬೆಳೆದಿರುತ್ತಾರೆ. ಊರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅನ್ನುವುದು ಅಜ್ಜಂದಿರ ಕಥೆಯಲ್ಲಿ ಮಾತ್ರ ಉಳಿಯಿತು. ಇಲ್ಲಿ ಹಾಗಲ್ಲ. ನವೆಂಬರ್‌ನ ಮೊದಲ ಶನಿವಾರ ಬಿಳಿಬಾಲದ ಜಿಂಕೆಯ ಸೀಸನ್ ಶುರುವಾಗುತ್ತದೆ. ಕಾಡುಹಂದಿಗಂತೂ ಸೀಸನ್ನೇ ಇಲ್ಲ, ವರ್ಷವಿಡೀ ಹೊಡೆಯಬಹುದು. ಸ್ಪೇನ್‌ನವರು 1500ರ ದಶಕಗಳಲ್ಲಿ ತಂದ ಸಾಕುಹಂದಿಗಳು ಕಾಡು ಸೇರಿ, ಆಮೇಲೆ ಶಿಕಾರಿಗಾಗಿಯೇ ತಂದುಬಿಟ್ಟ ಯುರೋಪಿನ ಕಾಡುಹಂದಿಗಳ ಜೊತೆ ಬೆರೆತು ಬೆಳೆದ ತಳಿ ಇದು. ಈಗ ಅಮೆರಿಕದ ಸುಮಾರು 35 ರಾಜ್ಯಗಳಲ್ಲಿ ಅರವತ್ತು ಲಕ್ಷಕ್ಕೂ ಜಾಸ್ತಿ ಹಂದಿಗಳಿವೆ ಅನ್ನುವುದು ಕೃಷಿ ಇಲಾಖೆಯ ಅಂದಾಜು. ಬಿತ್ತಿದ ಜೋಳದ ಸಾಲನ್ನು ಒಂದೇ ರಾತ್ರಿಯಲ್ಲಿ ಅಗೆದು ಹಾಕುತ್ತವೆ. ಹಾಗಾಗಿ ರ‍್ಯಾಂಚ್ ಮಾಲೀಕರು ಹಂದಿ ಹೊಡೆಯುವವರಿಗೆ ಬೇಡ ಅನ್ನುವುದು ಕಡಿಮೆ.

ಎರಡಕ್ಕೂ ಸೇರಿ ಯಾವ ರೈಫಲ್ ಕೊಳ್ಳಬೇಕು? ಅಂಗಡಿಯಲ್ಲಿ ಕೇಳಿದರೆ ಮಾತು ಕೂಡಲೇ ಕ್ಯಾಲಿಬರ್, ಅಂದರೆ ಗುಂಡಿನ ಅಡ್ಡಳತೆಯ ಕಡೆ ಹೋಗುತ್ತದೆ. .308 (ಇಂಚಿನ ಲೆಕ್ಕ) ಒಳ್ಳೆಯದಾ, 6.5 (ಮಿಲಿಮೀಟರ್ ಲೆಕ್ಕ) ಒಳ್ಳೆಯದಾ ಅಂತ ಗಂಟೆಗಟ್ಟಲೆ ಚರ್ಚೆ. ನನ್ನ ಅಭಿಪ್ರಾಯ ಬೇರೆ. ಮೊದಲು ಪ್ರಾಣಿ ಮತ್ತು ಜಾಗ. ಆಮೇಲೆ ನಿಮ್ಮ ಭುಜ, ಅಂದರೆ ಅದು ಕೋವಿಯ ಒದೆ ಎಷ್ಟು ತಡೆಯುತ್ತದೆ ಅನ್ನುವುದು. ಆಮೇಲೆ ಗುಂಡು. ರೈಫಲ್‌ನ ಹೆಸರು ಕೊನೆಗೆ ಬರಲಿ.

ಕೊಳ್ಳುವ ಮೊದಲು: ನಿಮ್ಮ ವೀಸಾ

ಇದನ್ನು ಮೊದಲೇ ಹೇಳಲೇಬೇಕು. ಎಚ್-1ಬಿ, ಎಚ್-4, ಎಫ್-1, ಎಲ್-1, ಈ ತರಹದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವುದು ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಇದಕ್ಕೆ ಕೆಲವು ವಿನಾಯಿತಿಗಳಿವೆ. ನಮಗೆ ಸಿಗುವುದು ಬೇಟೆ ಲೈಸೆನ್ಸ್‌ನ ವಿನಾಯಿತಿ. ಯಾವುದಾದರೂ ಒಂದು ರಾಜ್ಯ ಕೊಟ್ಟ, ಅವಧಿ ಮುಗಿಯದ ಲೈಸೆನ್ಸ್ ಕೈಯಲ್ಲಿರಬೇಕು. ಗ್ರೀನ್ ಕಾರ್ಡ್ ಬಂದವರಿಗೆ ಈ ತೊಡಕು ಇಲ್ಲ.

ಇಲ್ಲೇ ಒಂದು ಗುಂಡಿ ಇದೆ. 2019ರ ಸೆಪ್ಟೆಂಬರ್‌ನಿಂದ ಟೆಕ್ಸಸ್‌ನಲ್ಲಿ ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆಯಿಂದ ಕಾಡುಹಂದಿ ಹೊಡೆಯಲು ಲೈಸೆನ್ಸ್ ಬೇಕಿಲ್ಲ. ಇದನ್ನು ಕೇಳಿ "ಹಂದಿಗೆ ತಾನೇ, ಲೈಸೆನ್ಸ್ ಯಾಕೆ" ಅಂದುಕೊಳ್ಳುವುದು ಸಹಜ. ಆದರೆ ಆ ರಿಯಾಯಿತಿ ರಾಜ್ಯದ ಬೇಟೆ ನಿಯಮಕ್ಕೆ ಮಾತ್ರ. ಎಚ್-1ಬಿಯವರು ಕೋವಿ ಮುಟ್ಟಲು ರಾಜ್ಯದ ಬೇಟೆ ಲೈಸೆನ್ಸ್ ಇರಬೇಕು ಅನ್ನುವುದು ಕೇಂದ್ರ ಕಾನೂನು, ಅದು ಹಂದಿಗೂ ಬೇಕು, ಜಿಂಕೆಗೂ ಬೇಕು, ಮನೆಯ ಕಪಾಟಿನಲ್ಲಿ ಇಡುವುದಕ್ಕೂ ಬೇಕು. ಟೆಕ್ಸಸ್ ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಹೊಸದು ಆಗಸ್ಟ್ ಮಧ್ಯದಲ್ಲೇ ಸಿಗುತ್ತದೆ. ಸೆಪ್ಟೆಂಬರ್ 1ರಂದು ಹೊಸದಿಲ್ಲದೆ ಮನೆಯಲ್ಲಿ ಕೋವಿ ಇದ್ದರೆ ಅದೇ ಅಪರಾಧ. ಶಿಕ್ಷೆ 15 ವರ್ಷದವರೆಗೆ ಹೋಗಬಹುದು. ವೀಸಾ ಕಥೆ ಅಲ್ಲಿಗೆ ಮುಗಿಯಿತು. ಗೆಳೆಯರ ಕೋವಿಯನ್ನು ಸುಮ್ನೆ ಕೈಗೆ ತೆಗೆದುಕೊಂಡು ಹೊಡೆಯುವುದಕ್ಕೂ ಇದೇ ನಿಯಮ. ಸ್ವಲ್ಪ ಅನುಮಾನ ಇದ್ದರೂ ಇಮಿಗ್ರೇಷನ್ ವಕೀಲರನ್ನು ಕೇಳಿ ಮುಂದುವರಿಯಿರಿ.

1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರು ಬೇಟೆಯ ಸುರಕ್ಷತಾ ಕೋರ್ಸ್ ಕೂಡ ಮುಗಿಸಬೇಕು. 17 ತುಂಬಿದವರಿಗೆ ಅದು ಆನ್‌ಲೈನ್‌ನಲ್ಲೇ ಆಗುತ್ತದೆ. ಆದರೆ ಗುರಿ ಅಭ್ಯಾಸದ ರೇಂಜ್‌ನಲ್ಲಿ ಯಾರಾದರೂ ಪಕ್ಕದಲ್ಲಿ ನಿಂತು ಹೇಳಿಕೊಡುವ ತರಗತಿ ಸಿಕ್ಕರೆ ಅದಕ್ಕೇ ಹೋಗಿ. ಊರಿನ ತೋಟೆ ಕೋವಿಯ ಅಭ್ಯಾಸ ಇರುವವರಿಗೆ ಇದು ಇನ್ನೂ ಮುಖ್ಯ. ತೋಟೆ ಕೋವಿಯ ಚರೆ ಸ್ವಲ್ಪ ದೂರದಲ್ಲೇ ಬಲ ಕಳೆದುಕೊಂಡು ಬೀಳುತ್ತದೆ. ರೈಫಲ್ ಗುಂಡು ಗುರಿ ತಪ್ಪಿದರೆ ಎರಡು ಮೈಲಿಗೂ ಮೀರಿ ಹೋಗಬಲ್ಲದು. ಪ್ರಾಣಿಯ ಹಿಂದೆ ಮಣ್ಣಿನ ದಿಬ್ಬ ಇದೆಯಾ, ಬರೀ ಆಕಾಶವಾ, ಇದನ್ನು ನೋಡದೆ ಈಡು ಹೊಡೆಯಬಾರದು.

ಎರಡು ಪ್ರಾಣಿ, ಎರಡು ತರಹದ ಬೇಟೆ

ಟೆಕ್ಸಸ್‌ನ ಜಿಂಕೆ ಬೇಟೆ ನಮ್ಮ ಮಲೆನಾಡಿನವರು ಹೇಳುವ ಮರಸು ಕೂರುವುದಕ್ಕೆ ಹತ್ತಿರ. ಮರದ ಅಥವಾ ತಗಡಿನ ಸಣ್ಣ ಗೂಡು. ಎದುರಿಗೆ ಸುಮಾರು ನೂರು ಗಜ ದೂರದಲ್ಲಿ ಹೊತ್ತಿಗೆ ಸರಿಯಾಗಿ ಮೆಕ್ಕೆಜೋಳ ಚೆಲ್ಲುವ ಯಂತ್ರ. ಹೊತ್ತು ಹುಟ್ಟುವ ಅರ್ಧ ಗಂಟೆ ಮುಂಚಿನಿಂದ ಹೊತ್ತು ಮುಳುಗಿದ ಅರ್ಧ ಗಂಟೆಯವರೆಗೆ ಮಾತ್ರ ಹೊಡೆಯಬಹುದು. ಜಿಂಕೆ ಬಂದು ನಿಲ್ಲುತ್ತದೆ, ತಲೆ ಎತ್ತುತ್ತದೆ, ತಿರುಗುತ್ತದೆ. ನಿಮಗೆ ಸಮಯ ಸಿಗುತ್ತದೆ. ಒಂದೇ ಈಡು, ಸರಿಯಾದ ಜಾಗಕ್ಕೆ. ಗುಂಡಿಗೆ ಮತ್ತು ಶ್ವಾಸಕೋಶ ಸೇರಿದ ಜಾಗ ಮುಂಗಾಲಿನ ಹಿಂದೆ ಸುಮಾರು ಎಂಟು ಇಂಚು ಅಗಲ. ಆಸ್ಟಿನ್, ಸ್ಯಾನ್ ಆಂಟೋನಿಯೋ ಪಶ್ಚಿಮದ ಹಿಲ್ ಕಂಟ್ರಿಯ ಜಿಂಕೆಗಳು ಉತ್ತರದ ರಾಜ್ಯಗಳವಕ್ಕಿಂತ ಸಣ್ಣವು. ಅವುಗಳಿಗೆ ಭಾರೀ ಶಕ್ತಿಯ ರೈಫಲ್ ಬೇಕಾಗಿಯೇ ಇಲ್ಲ.

ಹಂದಿಯದು ಬೇರೆಯೇ ಲೆಕ್ಕ. ಒಂದಲ್ಲ, ಹಿಂಡು ಬರುತ್ತದೆ. ತಾಯಿಹಂದಿಗಳು, ಮರಿಗಳು, ಒಂದು ಕಡೆ ನಿಲ್ಲುವುದೇ ಇಲ್ಲ. ಮೊದಲ ಸದ್ದಿಗೆ ಎಲ್ಲ ಚೆಲ್ಲಾಪಿಲ್ಲಿ. ರೈತರಿಗೆ ಬೇಕಾಗಿರುವುದು ಒಂದು ಹಂದಿ ಅಲ್ಲ, ಸಾಧ್ಯವಾದಷ್ಟು ಹಂದಿ. ಆದ್ದರಿಂದ ಎರಡನೆಯ, ಮೂರನೆಯ ಈಡು ಬೇಗ ಸಿಗಬೇಕು. ಇನ್ನು ಒಂಟಿ ಗಂಡುಹಂದಿ. ಅದರ ಭುಜದ ಮೇಲೆ ಗುರಾಣಿಯ ಹಾಗೆ ದಪ್ಪನೆಯ, ಗಟ್ಟಿ ಪದರ ಬೆಳೆದಿರುತ್ತದೆ. ಗಂಡುಹಂದಿಗಳು ತಮ್ಮತಮ್ಮಲ್ಲೇ ಕಾದಾಡುವಾಗ ಕೋರೆಯಿಂದ ಕಾಪಾಡುವುದೇ ಅದು. ಗುಂಡಿಗೆ, ಶ್ವಾಸಕೋಶ ಕೂಡ ಜಿಂಕೆಗಿಂತ ಮುಂದೆ, ಕೆಳಗೆ ಇರುತ್ತವೆ. ಜಿಂಕೆಗೆ ಹೊಡೆದ ಅಭ್ಯಾಸದಲ್ಲಿ ಮುಂಗಾಲಿನ ಹಿಂದಕ್ಕೆ ಹೊಡೆದರೆ ಗುಂಡು ಹೊಟ್ಟೆಗೆ ಬೀಳುತ್ತದೆ. ಹೊಟ್ಟೆಗೆ ಬಿದ್ದ ಹಂದಿ ಮುಳ್ಳುಪೊದೆಗೆ ನುಗ್ಗಿ, ತುಂಬ ಹೊತ್ತು ನರಳಿ ಸಾಯುತ್ತದೆ. ಕೊಬ್ಬು ಮತ್ತು ಕೆಸರು ಗಾಯವನ್ನು ಮುಚ್ಚುವುದರಿಂದ ರಕ್ತದ ಜಾಡೂ ಸಿಗುವುದಿಲ್ಲ.

ಅಂದರೆ ಜಿಂಕೆ ಕೇಳುವುದು ನಿಖರತೆ. ಹಂದಿ ಕೇಳುವುದು ವೇಗ ಮತ್ತು ಆಳಕ್ಕೆ ಇಳಿಯುವ ಗುಂಡು. ಒಂದೇ ರೈಫಲ್‌ನಲ್ಲಿ ಎರಡೂ ಪೂರ್ತಿಯಾಗಿ ಸಿಗುವುದಿಲ್ಲ. ನೀವು ಯಾವುದನ್ನು ಜಾಸ್ತಿ ಬೇಟೆಯಾಡುತ್ತೀರಿ ಅನ್ನುವುದೇ ಆಯ್ಕೆಯ ಮೊದಲ ಹೆಜ್ಜೆ.

ಜಾಗ ಎರಡನೆಯದು. ಪೂರ್ವ ಟೆಕ್ಸಸ್‌ನ ಪೈನ್ ಕಾಡಿನಲ್ಲಿ ಐವತ್ತು ಗಜ ಕಂಡರೆ ಪುಣ್ಯ. ಹಿಲ್ ಕಂಟ್ರಿಯಲ್ಲಿ ನೂರು, ನೂರೈವತ್ತು. ದಕ್ಷಿಣದ ಮುಳ್ಳುಕಾಡಿನಲ್ಲಿ ನೇರವಾಗಿ ಕಡಿದ ಸೆಂಡೆರೋ ದಾರಿಗಳಿರುತ್ತವೆ. ಅಲ್ಲಿ ಮುನ್ನೂರು ಗಜದಾಚೆ ಜಿಂಕೆ ದಾರಿ ದಾಟುತ್ತದೆ.

ಬೋಲ್ಟ್, ಲಿವರ್, ಸೆಮಿ-ಆಟೋ

ಬೋಲ್ಟ್ ರೈಫಲ್‌ನಲ್ಲಿ ಪ್ರತಿ ಈಡಿಗೂ ಕೈಯಿಂದ ಹಿಡಿಕೆ ಎತ್ತಿ, ಎಳೆದು, ತಳ್ಳಬೇಕು. ನಿಧಾನ. ಆದರೆ ಕೊಟ್ಟ ದುಡ್ಡಿಗೆ ಇಷ್ಟು ನಿಖರತೆ ಬೇರೆ ಯಾವುದರಲ್ಲೂ ಸಿಗುವುದಿಲ್ಲ. ರೂಗರ್ ಅಮೆರಿಕನ್, ಸ್ಯಾವೇಜ್ ಆಕ್ಸಿಸ್, ಮಾಸ್‌ಬರ್ಗ್ ಪೇಟ್ರಿಯಟ್ ಸುಮಾರು 400ರಿಂದ 600 ಡಾಲರ್ ಒಳಗೆ ಬರುತ್ತವೆ. ನೋಡಲು ಸಾಧಾರಣ, ಪ್ಲಾಸ್ಟಿಕ್ ಹಿಡಿ. ಹೊಡೆತ ಮಾತ್ರ ಸಾಧಾರಣ ಅಲ್ಲ. ಇನ್ನೊಂದಿಷ್ಟು ಖರ್ಚು ಮಾಡಬಲ್ಲವರಿಗೆ ಫಿನ್ಲೆಂಡ್‌ನ ಟಿಕ್ಕಾ ಟಿ3ಎಕ್ಸ್ ಇದೆ. ಅದರ ಬೋಲ್ಟ್ ಜಾರುವ ನಯ ಮತ್ತು ಟ್ರಿಗರ್ ಎರಡೂ ಒಮ್ಮೆ ಕೈಯಾಡಿಸಿದರೆ ಗೊತ್ತಾಗುತ್ತದೆ. ಹಳೆಯ ರೆಮಿಂಗ್ಟನ್ 700, ವಿಂಚೆಸ್ಟರ್ ಮಾಡೆಲ್ 70 ಕೂಡ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ. ಹೊಸಬರಿಗೆ ಬೋಲ್ಟ್‌ನ ಇನ್ನೊಂದು ಒಳ್ಳೆಯ ಗುಣ: ಬೋಲ್ಟ್ ತೆರೆದಿಟ್ಟರೆ ಕೋವಿ ಈಗ ಸಿಡಿಯುವ ಸ್ಥಿತಿಯಲ್ಲಿಲ್ಲ ಅನ್ನುವುದು ಪಕ್ಕದವರಿಗೂ ಕಾಣುತ್ತದೆ.

ಲಿವರ್ ರೈಫಲ್ ಅಂದರೆ ಕೌಬಾಯ್ ಚಿತ್ರಗಳಲ್ಲಿ ಕಾಣುವ, ಕೆಳಗಿನ ಬಳೆ ಎಳೆದು ತೋಟೆ ತುಂಬುವ ಕೋವಿ. ಮಾರ್ಲಿನ್ 336, ಹೆನ್ರಿ, ವಿಂಚೆಸ್ಟರ್ 94. ಗಿಡ್ಡ, ಹಗುರ, ಬೋಲ್ಟ್‌ಗಿಂತ ಬೇಗ. ಪೈನ್ ಕಾಡಿನಲ್ಲಿ ನಡೆದು ಹಂದಿ ಹುಡುಕುವವರಿಗೆ ಇದಕ್ಕಿಂತ ಹಿತವಾದ ಕೋವಿ ಇಲ್ಲ. ಆದರೆ ಸಾಮಾನ್ಯವಾಗಿ ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟೆಗಳು ಒಂದರ ಹಿಂದೆ ಒಂದು ಕೂರುತ್ತವೆ. ಚೂಪು ಮೂತಿಯ ಗುಂಡು ಮುಂದಿನ ತೋಟೆಯ ಪ್ರೈಮರ್‌ಗೆ (ಮದ್ದಿಗೆ ಕಿಡಿ ಹೊತ್ತಿಸುವ ತಳದ ಬಿಲ್ಲೆಗೆ) ತಾಗಿ ಸಿಡಿಯುವ ಅಪಾಯ ಇರುವುದರಿಂದ ಚಪ್ಪಟೆ ಮೂತಿಯ, ಅಥವಾ ಹಾರ್ನಡಿ ಕಂಪನಿಯ ಮೆತ್ತನೆ ತುದಿಯ ಗುಂಡನ್ನೇ ಹಾಕಬೇಕು. ಇನ್ನೊಂದು ವಿಷಯ. ಹಳೆಯ ವಿಂಚೆಸ್ಟರ್ 94 ಕೊಳ್ಳುವವರು 1982ಕ್ಕೆ ಮುಂಚಿನದಾ ಅಂತ ನೋಡಿಕೊಳ್ಳಿ. ಅವು ಖಾಲಿ ತೋಟೆಯನ್ನು ನೇರ ಮೇಲಕ್ಕೆ ಎಸೆಯುತ್ತವೆ, ನಡುವೆ ಸ್ಕೋಪ್ (ಗುರಿ ಹಿಡಿಯುವ ದುರ್ಬೀನು) ಕೂರಿಸುವುದು ಕಷ್ಟ. ಮಾರ್ಲಿನ್ ಪಕ್ಕಕ್ಕೆ ಎಸೆಯುವುದರಿಂದ ಆ ತೊಂದರೆ ಇಲ್ಲ. ಬೆಲೆ ಈಗ ಜಾಸ್ತಿಯಾಗಿದೆ. ಒಳ್ಳೆಯ ಬೋಲ್ಟ್ ರೈಫಲ್ ಜೊತೆಗೆ ಸ್ಕೋಪ್ ಕೊಳ್ಳುವ ದುಡ್ಡಿಗೆ ಬರೀ ಲಿವರ್ ರೈಫಲ್ ಬರುತ್ತದೆ.

ಸೆಮಿ-ಆಟೋ ಅಂದರೆ ಹೆಚ್ಚಾಗಿ ಎಆರ್-15. ಟ್ರಿಗರ್ ಒತ್ತಿದ ಪ್ರತಿ ಸಲ ಒಂದು ಗುಂಡು, ಮುಂದಿನದು ತಾನೇ ತುಂಬಿಕೊಳ್ಳುತ್ತದೆ. ಹಂದಿ ಹಿಂಡಿಗೆ ಇದೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಭುಜಕ್ಕೆ ಒದೆ ಕಡಿಮೆ, ಹಿಡಿಯ ಉದ್ದ ಬೇಕಾದಂತೆ ಜಗ್ಗಬಹುದು. ಆದರೆ ಬೇರೆ ರಾಜ್ಯಕ್ಕೆ ಹೋಗುವವರು ಅಲ್ಲಿನ ನಿಯಮ ನೋಡಬೇಕು. ಪೆನ್ಸಿಲ್ವೇನಿಯಾದಲ್ಲಿ ಸೆಮಿ-ಆಟೋ ರೈಫಲ್‌ನಿಂದ ಜಿಂಕೆ ಹೊಡೆಯುವಂತಿಲ್ಲ. ಹೊಸಬರ ಮಟ್ಟಿಗೆ ನನಗೆ ಇನ್ನೊಂದು ಆತಂಕ ಇದೆ. ಎರಡನೆಯ ಈಡು ಸುಲಭವಾಗಿ ಸಿಗುತ್ತದೆ ಅಂತಾದಾಗ ಮೊದಲನೆಯದರ ಮೇಲೆ ಗಮನ ಕಡಿಮೆಯಾಗುತ್ತದೆ. ಓಡುವ ಹಂದಿಯ ಹಿಂದೆ ನಳಿಗೆ ತಿರುಗಿಸುತ್ತಾ ಹೋದರೆ ಎಲ್ಲಿ ಬೇಲಿ, ಎಲ್ಲಿ ದನ, ಎಲ್ಲಿ ಇನ್ನೊಬ್ಬ ಬೇಟೆಗಾರ ಅನ್ನುವ ಲೆಕ್ಕ ತಪ್ಪುತ್ತದೆ. ಆ ಶಿಸ್ತು ಬಂದ ಮೇಲೆ ಎಆರ್ ಕೊಳ್ಳಿ ಅಂತ ನಾನು ಹೇಳುತ್ತೇನೆ.

ಕ್ಯಾಲಿಬರ್ ಹೋಲಿಕೆ

ಜಿಂಕೆಗೆ ಗುಂಡು ತಾಗುವಾಗ ಸುಮಾರು 1,000 ಅಡಿ-ಪೌಂಡ್ (ಒಂದು ಪೌಂಡ್ ತೂಕವನ್ನು ಒಂದು ಅಡಿ ಎತ್ತುವಷ್ಟು ಶಕ್ತಿಯೇ ಒಂದು ಅಡಿ-ಪೌಂಡ್) ಶಕ್ತಿ ಇರಬೇಕು ಅನ್ನುವುದು ಇಲ್ಲಿನ ಬೇಟೆಗಾರರ ಹಳೆಯ ಅಂದಾಜು. ಅದು ಕಾನೂನಲ್ಲ, ಆದರೆ ಹೋಲಿಸಲು ಒಂದು ಅಳತೆ ಸಿಗುತ್ತದೆ. ಕೆಳಗಿನ ಅಂಕಿಗಳು ಕಾರ್ಖಾನೆಯ ತೋಟೆಗಳಿಗೆ, ನಳಿಗೆಯ ಬಾಯಿಯಲ್ಲಿ ಸಿಗುವ ಅಂದಾಜು ಲೆಕ್ಕ. ಒದೆಯ ಲೆಕ್ಕ ಏಳೂವರೆ, ಎಂಟು ಪೌಂಡ್ ತೂಕದ ರೈಫಲ್‌ಗೆ.

.308 ವಿಂಚೆಸ್ಟರ್ 1952ರಲ್ಲಿ ಬಂದದ್ದು. 150 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ಸೆಕೆಂಡಿಗೆ 2,820 ಅಡಿ ವೇಗದಲ್ಲಿ ಹೊರಡುತ್ತದೆ, ಶಕ್ತಿ ಸುಮಾರು 2,650 ಅಡಿ-ಪೌಂಡ್. ಹಂದಿಯ ಭುಜ ಒಡೆದು ಆಚೆ ಹೊರಬರುವ ತಾಕತ್ತು ಇದಕ್ಕಿದೆ. 20 ಇಂಚಿನ ಗಿಡ್ಡ ನಳಿಗೆಯಲ್ಲೂ ವೇಗ ಜಾಸ್ತಿ ಕಳೆದುಕೊಳ್ಳುವುದಿಲ್ಲ, ಗೂಡಿನ ಕಿಟಕಿಯಿಂದ ನಳಿಗೆ ಹೊರಹಾಕುವಾಗ ಇದು ದೊಡ್ಡ ಅನುಕೂಲ. ತೋಟೆ ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತದೆ. ಒದೆ 16ರಿಂದ 18 ಅಡಿ-ಪೌಂಡ್, ಅಂದರೆ ರೇಂಜ್‌ನಲ್ಲಿ ಇಪ್ಪತ್ತು ಈಡು ಹೊಡೆದರೆ ಭುಜಕ್ಕೆ ಗೊತ್ತಾಗುತ್ತದೆ.

6.5 ಕ್ರೀಡ್‌ಮೂರ್ 2007ರಲ್ಲಿ ಹಾರ್ನಡಿ ತಂದದ್ದು. 143 ಗ್ರೇನ್, 2,700 ಅಡಿ ವೇಗ, ಸುಮಾರು 2,300 ಅಡಿ-ಪೌಂಡ್. ಉದ್ದನೆಯ, ತೆಳ್ಳನೆಯ ಗುಂಡು ಗಾಳಿಯನ್ನು ಚೆನ್ನಾಗಿ ಸೀಳುತ್ತದೆ, ಒದೆ .308ರ ಮುಕ್ಕಾಲು ಭಾಗ. ಮುನ್ನೂರು ಗಜದ ಸೆಂಡೆರೋ ಇದ್ದರೆ ನಾನು ಇದನ್ನೇ ಆರಿಸುತ್ತೇನೆ. ನೂರು ಗಜದಲ್ಲಿ ಕೂತು ಹೊಡೆಯುವವರಿಗೆ ಆ ದೂರದ ಗುಣದಿಂದ ಏನೂ ಲಾಭ ಇಲ್ಲ, ಆದರೆ ಕಡಿಮೆ ಒದೆಯಿಂದ ಲಾಭ ಇದೆ.

.243 ವಿಂಚೆಸ್ಟರ್ 1955ರದ್ದು, .308ರ ತೋಟೆಯ ಕತ್ತನ್ನೇ ಕಿರಿದು ಮಾಡಿ ತಯಾರಿಸಿದ್ದು. 100 ಗ್ರೇನ್, 2,960 ಅಡಿ ವೇಗ, ಸುಮಾರು 1,950 ಅಡಿ-ಪೌಂಡ್. ಒದೆ 10ರ ಆಸುಪಾಸು. ಹೊಸಬರಿಗೆ, ಸಣ್ಣ ಮೈಕಟ್ಟಿನವರಿಗೆ, ಹದಿಹರೆಯದ ಮಕ್ಕಳಿಗೆ ಜಿಂಕೆ ಬೇಟೆಗೆ ತುಂಬ ಒಳ್ಳೆಯದು. ದೊಡ್ಡ ಗಂಡುಹಂದಿಯ ಭುಜಕ್ಕೆ ಇದು ಸ್ವಲ್ಪ ಕಡಿಮೆಯೇ. ಗಟ್ಟಿ ಗುಂಡು ಹಾಕಿ, ಕಿವಿಯ ಹಿಂದೆ ಹೊಡೆಯುವ ಕೈ ಇದ್ದರೆ ಸರಿ.

.270 ಮತ್ತು .30-06 ಬಗ್ಗೆ ಜಾಸ್ತಿ ಹೇಳಬೇಕಿಲ್ಲ. 1925 ಮತ್ತು 1906ರಿಂದ ಅಮೆರಿಕದ ಜಿಂಕೆ ಬೇಟೆಯ ಬೆನ್ನೆಲುಬು ಇವು. ಮನೆಮಾಲೀಕರೋ ಸಹೋದ್ಯೋಗಿಯೋ ಅಪ್ಪನ ಕಾಲದ .30-06 ಅನ್ನು ಕಡಿಮೆ ಬೆಲೆಗೆ ಮಾರುತ್ತಾರೆ ಅಂದರೆ ಬಿಡಬೇಡಿ. ಹೊಸದು ಕೊಳ್ಳುವವರಿಗೆ .308 ಅಷ್ಟೇ ಕೆಲಸವನ್ನು ಕಡಿಮೆ ಒದೆಯಲ್ಲಿ ಮಾಡುತ್ತದೆ.

.30-30 ವಿಂಚೆಸ್ಟರ್ 1895ರದ್ದು, ಲಿವರ್ ರೈಫಲ್‌ನ ಮನೆದೇವರು. 150 ಗ್ರೇನ್, 2,390 ಅಡಿ ವೇಗ, 1,900 ಅಡಿ-ಪೌಂಡ್. ಚಪ್ಪಟೆ ಮೂತಿಯಿಂದಾಗಿ ಬೇಗ ಸೊರಗುತ್ತದೆ, ಇನ್ನೂರು ಗಜ ಮುಟ್ಟುವ ಮೊದಲೇ 1,000ಕ್ಕಿಂತ ಕೆಳಗಿಳಿಯುತ್ತದೆ. ನೂರು ಗಜಕ್ಕೆ ಗುರಿ ಹೊಂದಿಸಿದರೆ ಇನ್ನೂರಕ್ಕೆ ಏಳೆಂಟು ಇಂಚು ಕೆಳಗೆ ಬೀಳುತ್ತದೆ. ನೂರೈವತ್ತು ಗಜದ ಒಳಗೆ ಮಾತ್ರ ಹೊಡೆಯುತ್ತೇನೆ ಅನ್ನುವವರಿಗೆ ಹಂದಿಗೂ ಜಿಂಕೆಗೂ ಸಾಕು.

ಎಆರ್‌ನಲ್ಲಿ ಸಾಮಾನ್ಯವಾಗಿ ಸಿಗುವುದು .223 ಅಥವಾ 5.56. 62 ಗ್ರೇನ್ ಬೇಟೆ ಗುಂಡಿಗೆ ಸುಮಾರು 1,250 ಅಡಿ-ಪೌಂಡ್. ತೋಟೆ ಅಗ್ಗ, ಅಭ್ಯಾಸಕ್ಕೆ ಬಹಳ ಅನುಕೂಲ. ಟೆಕ್ಸಸ್‌ನಲ್ಲಿ ಜಿಂಕೆಗೂ ಕಾನೂನಿನ ಒಪ್ಪಿಗೆ ಇದೆ, .22 ತರಹದ ರಿಮ್‌ಫೈರ್‌ಗೆ (ತಳದ ಅಂಚಿಗೆ ಪೆಟ್ಟು ಬಿದ್ದು ಸಿಡಿಯುವ ಸಣ್ಣ ತೋಟೆಗೆ) ಮಾತ್ರ ಇಲ್ಲ. ಕೊಲರಾಡೋದಲ್ಲಿ ದೊಡ್ಡ ಪ್ರಾಣಿಗಳಿಗೆ ಕನಿಷ್ಠ .24, ವರ್ಜೀನಿಯಾದಲ್ಲಿ ಜಿಂಕೆಗೆ ಕನಿಷ್ಠ .23 ಬೇಕು, ಅಂದರೆ ಅಲ್ಲಿ .223 ನಡೆಯುವುದಿಲ್ಲ. ಕಾನೂನು ಒಪ್ಪಿದರೂ ಹೊಸಬರು ಜಿಂಕೆಗೆ .223 ಹಿಡಿಯುವುದು ನನಗೆ ಸರಿ ಅನ್ನಿಸುವುದಿಲ್ಲ. ಇಂಚಷ್ಟೇ ತಪ್ಪಿದರೂ ಪ್ರಾಣಿ ನರಳುತ್ತದೆ. ಅದೇ ಎಆರ್‌ನಲ್ಲಿ .300 ಬ್ಲ್ಯಾಕೌಟ್ ಸಿಗುತ್ತದೆ. ಸುಮಾರು 1,350 ಅಡಿ-ಪೌಂಡ್, ನೂರು ಗಜದ ಒಳಗಿನ ಹಂದಿಗೆ ಚೆನ್ನಾಗಿದೆ. ಸದ್ದು ಕಡಿಮೆಯ, ಶಬ್ದದ ವೇಗಕ್ಕಿಂತ ನಿಧಾನವಾಗಿ ಹೋಗುವ ಸಬ್‌ಸಾನಿಕ್ ತೋಟೆಯಲ್ಲಿ ಶಕ್ತಿ 500ರ ಆಸುಪಾಸಿಗೆ ಇಳಿಯುತ್ತದೆ, ಅದನ್ನು ಜಿಂಕೆಗೆ ಬಳಸಬಾರದು. 6.5 ಗ್ರೆಂಡೆಲ್ ಇವೆರಡಕ್ಕಿಂತ ಒಳ್ಳೆಯ ನಡುದಾರಿ, ತೋಟೆ ಹುಡುಕುವುದು ಮಾತ್ರ ಸ್ವಲ್ಪ ಕಷ್ಟ.

ಒಂದು ಎಚ್ಚರಿಕೆ. .300 ಬ್ಲ್ಯಾಕೌಟ್ ತೋಟೆ .223ರ ಮ್ಯಾಗಜಿನ್‌ನಲ್ಲೇ (ತೋಟೆ ತುಂಬುವ ಡಬ್ಬಿಯಲ್ಲೇ) ಕೂರುತ್ತದೆ. ತಪ್ಪಿ .223 ನಳಿಗೆಗೆ ಹೋಗಿ ಟ್ರಿಗರ್ ಒತ್ತಿದರೆ ರೈಫಲ್ ಮುಖದೆದುರೇ ಒಡೆಯುತ್ತದೆ. ಮನೆಯಲ್ಲಿ ಎರಡೂ ಇದ್ದರೆ ಮ್ಯಾಗಜಿನ್, ಪೆಟ್ಟಿಗೆ ಎಲ್ಲಕ್ಕೂ ಬೇರೆ ಬೇರೆ ಬಣ್ಣದ ಪಟ್ಟಿ ಹಚ್ಚಿ, ಒಂದೇ ದಿನ ಎರಡನ್ನೂ ರೇಂಜ್‌ಗೆ ಒಯ್ಯಬೇಡಿ.

ಒಹಾಯೋ ಕಡೆ ಇರುವವರಿಗೆ ಈ ಪಟ್ಟಿಯಲ್ಲಿ ಹೆಚ್ಚಿನದು ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಜಿಂಕೆಗೆ ನೇರ ಗೋಡೆಯ, ಅಂದರೆ ಕತ್ತು ಕಿರಿದಾಗದ ತೋಟೆಯ ರೈಫಲ್ ಮಾತ್ರ. .350 ಲೆಜೆಂಡ್, .450 ಬುಷ್‌ಮಾಸ್ಟರ್ ಅಲ್ಲಿ ಓಡುತ್ತವೆ. .350ರ ಒದೆ ಕಡಿಮೆ, ಹೊಸಬರಿಗೆ ಅದೇ ಸಾಕು.

ರೈಫಲ್‌ಗಿಂತ ಗುಂಡು ಮುಖ್ಯ

ಹಂದಿಯನ್ನು ಮುಟ್ಟುವುದು ಗುಂಡು ಮಾತ್ರ. ಆದರೂ ಹೆಚ್ಚಿನವರು ಇದಕ್ಕೆ ಕೊನೆಯ ಐದು ನಿಮಿಷ ಕೊಡುತ್ತಾರೆ.

ಅಭ್ಯಾಸಕ್ಕೆ ಸಿಗುವ, ಪೂರ್ತಿ ತಾಮ್ರ ಹೊದಿಸಿದ ಎಫ್‌ಎಂಜೆ ಗುಂಡು ಪ್ರಾಣಿಯ ಮೈಯಲ್ಲಿ ಅರಳುವುದಿಲ್ಲ. ಸೂಜಿಯಂತೆ ತೂರಿ ಹೋಗುತ್ತದೆ, ಪ್ರಾಣಿ ಮೈಲಿಗಟ್ಟಲೆ ಓಡುತ್ತದೆ. ಸಣ್ಣ ಪ್ರಾಣಿಗಳಿಗೆ ಮಾಡಿದ ವಾರ್ಮಿಂಟ್ ಗುಂಡು ಇದಕ್ಕೆ ತದ್ವಿರುದ್ಧ, ಭುಜದ ಮೇಲೆಯೇ ಪುಡಿಯಾಗುತ್ತದೆ. ಎರಡೂ ಬೇಡ. ಮೆತ್ತನೆ ಮೂತಿಯ ಸಾಧಾರಣ ಗುಂಡುಗಳು, 1939ರಿಂದ ಬರುತ್ತಿರುವ ರೆಮಿಂಗ್ಟನ್ ಕೋರ್-ಲಾಕ್ಟ್ ಅಥವಾ ವಿಂಚೆಸ್ಟರ್ ಪವರ್-ಪಾಯಿಂಟ್, ಜಿಂಕೆಗೆ ಧಾರಾಳವಾಗಿ ಸಾಕು. ಹಂದಿಯೂ ಬೇಕು ಅಂದರೆ ಸೀಸ ಮತ್ತು ಹೊದಿಕೆ ಒಂದಕ್ಕೊಂದು ಬೆಸೆದ ಗುಂಡು ತೆಗೆದುಕೊಳ್ಳಿ. ಫೆಡರಲ್ ಫ್ಯೂಷನ್ ಅಂಥದ್ದು, ಬೆಲೆಯೂ ಹೆಚ್ಚಲ್ಲ. ಅದಕ್ಕೂ ಮೇಲೆ ಬಾರ್ನ್ಸ್‌ನ ಪೂರ್ತಿ ತಾಮ್ರದ ಗುಂಡು. ಮೂಳೆ ಒಡೆದೂ ತೂಕ ಕಳೆದುಕೊಳ್ಳದೆ ಆಚೆ ಬರುತ್ತದೆ. ಹಂದಿಗೆ ಎರಡು ತೂತು ಬಿದ್ದರೆ ಮಾತ್ರ ರಕ್ತದ ಜಾಡು ಸಿಗುತ್ತದೆ ಅನ್ನುವುದನ್ನು ನೆನಪಿಡಿ. ತಾಮ್ರದ ಗುಂಡಿಗೆ ಇನ್ನೊಂದು ಕಾರಣವೂ ಇದೆ. ಸೀಸದ ಸಣ್ಣ ಚೂರುಗಳು ಗಾಯದಿಂದ ಸಾಕಷ್ಟು ದೂರದ ಮಾಂಸಕ್ಕೂ ಹರಡುತ್ತವೆ, ಮನೆಯಲ್ಲಿ ಮಕ್ಕಳು ತಿನ್ನುವ ಮಾಂಸ ಅದು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಲಾಗಿದೆ.

ಬೆಸೆದ ಗುಂಡು ಹಾಕಿದ .243, ಅಗ್ಗದ ಗುಂಡು ಹಾಕಿದ .308ಕ್ಕಿಂತ ಹಂದಿಗೆ ವಾಸಿ. ಅಂಗಡಿಯಲ್ಲಿ ಈ ಮಾತು ಯಾರೂ ಹೇಳುವುದಿಲ್ಲ.

ಅಳತೆ, ಸ್ಕೋಪ್, ದುಡ್ಡು

ನಮ್ಮವರಲ್ಲಿ ಹೆಚ್ಚಿನವರು ಐದೂಕಾಲು, ಐದೂವರೆ ಅಡಿ. ಅಮೆರಿಕದ ರೈಫಲ್ ಹಿಡಿಯ ಉದ್ದ, ಅಂದರೆ ಟ್ರಿಗರ್‌ನಿಂದ ಭುಜಕ್ಕೆ ತಾಗುವ ತುದಿಯವರೆಗೆ, ಸಾಮಾನ್ಯವಾಗಿ ಹದಿಮೂರೂವರೆ ಇಂಚಿನ ಮೇಲೆ. ಅದು ಉದ್ದವಾದರೆ ಕತ್ತು ಚಾಚಬೇಕಾಗುತ್ತದೆ, ಸ್ಕೋಪ್‌ನಲ್ಲಿ ಕಪ್ಪು ನೆರಳು ಕಾಣುತ್ತದೆ, ಒದೆ ಭುಜ ಬಿಟ್ಟು ತೋಳಿಗೆ ಬೀಳುತ್ತದೆ. ಹೆಂಗಸರಿಗಂತೂ ಅಂಗಡಿಯವರು ಸುಮ್ನೆ ಒಂದು ಉದ್ದನೆಯ ರೈಫಲ್ ಕೈಗೆ ಕೊಟ್ಟು ಕಳಿಸುತ್ತಾರೆ, ನನಗೆ ಇದನ್ನು ಕಂಡರೆ ಬೇಸರ. ಕಾಂಪ್ಯಾಕ್ಟ್ ಹೆಸರಿನಲ್ಲಿ ಹನ್ನೆರಡು, ಹನ್ನೆರಡೂವರೆ ಇಂಚಿನ ಹಿಡಿಯ ಮಾದರಿಗಳು ಬಹುತೇಕ ಎಲ್ಲ ಕಂಪನಿಗಳಲ್ಲೂ ಇವೆ. ಕೇಳಿ ತರಿಸಿಕೊಳ್ಳಿ. ಚಳಿಗಾಲದ ದಪ್ಪ ಜಾಕೆಟ್ ಹಾಕಿಕೊಂಡೇ ಭುಜಕ್ಕೆ ಇಟ್ಟು ನೋಡಿ. ಎಡಗೈಯವರು ಎಡಗೈ ಬೋಲ್ಟ್ ಕೇಳಿ.

ಸ್ಕೋಪ್‌ಗೆ 3-9x40 (ಮೂರರಿಂದ ಒಂಬತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ, ಮುಂದಿನ ಗಾಜು 40 ಮಿ.ಮೀ. ಇರುವುದು) ಸಾಕು. ಲ್ಯೂಪೋಲ್ಡ್, ವೋರ್ಟೆಕ್ಸ್ ಕಂಪನಿಗಳ 200, 300 ಡಾಲರ್‌ನ ಮಾದರಿಗಳು ಮುಸ್ಸಂಜೆಯಲ್ಲೂ ಚೆನ್ನಾಗಿ ಕಾಣುತ್ತವೆ. ಲಿವರ್ ರೈಫಲ್‌ಗೆ 1-4 ಅಥವಾ 2-7. ಹತ್ತಿರದಿಂದ ಓಡುವ ಹಂದಿಗೆ ಹೆಚ್ಚು ದೊಡ್ಡದು ಮಾಡಿ ತೋರಿಸುವ ಸ್ಕೋಪ್ ತೊಂದರೆಯೇ. ರಾತ್ರಿ ಹಂದಿ ಬೇಟೆಯ ಥರ್ಮಲ್ ಸ್ಕೋಪ್ ರೈಫಲ್‌ಗಿಂತ ಮೂರ್ನಾಲ್ಕು ಪಟ್ಟು ಬೆಲೆಯದು. ಅದರಲ್ಲಿ ಬಿಸಿ ಮೈ ಕಾಣುತ್ತದೆ, ಅದು ಕರುವೋ ಹಂದಿಯೋ ಅನ್ನುವುದು ದೂರದಿಂದ ಅಷ್ಟು ಸ್ಪಷ್ಟ ಅಲ್ಲ. ಮೊದಲ ವರ್ಷ ಅದು ಬೇಡ. ಜಿಂಕೆಯನ್ನು ರಾತ್ರಿ ಹೊಡೆಯುವುದು ಅಪರಾಧ ಅನ್ನುವುದೂ ಗೊತ್ತಿರಲಿ.

ದುಡ್ಡಿನ ಲೆಕ್ಕ ಹಾಕುವಾಗ ರೈಫಲ್‌ಗೆ ಅರ್ಧಕ್ಕಿಂತ ಜಾಸ್ತಿ ಕೊಡಬೇಡಿ. 500 ಡಾಲರ್ ರೈಫಲ್, 250ರ ಸ್ಕೋಪ್, ಅದನ್ನು ಹಿಡಿದಿಡುವ ಗಟ್ಟಿಯಾದ ರಿಂಗ್, ನಾಲ್ಕು ಪೆಟ್ಟಿಗೆ ತೋಟೆ, ಕಿವಿಗೆ ಒಳ್ಳೆಯ ಮಫ್, ಬೀಗದ ಕಪಾಟು. ರೈಫಲ್ ಸದ್ದು 150 ಡೆಸಿಬೆಲ್ ದಾಟುತ್ತದೆ, ಮುಚ್ಚಿದ ಗೂಡಿನಲ್ಲಿ ಒಂದೇ ಈಡು ಕಿವಿಗೆ ಹಾನಿ ಮಾಡುತ್ತದೆ. ಕಪಾಟು ಅಂತೂ ಬೇಕೇ ಬೇಕು. ಟೆಕ್ಸಸ್‌ನಲ್ಲಿ 17ರ ಒಳಗಿನ ಮಕ್ಕಳ ಕೈಗೆ ತುಂಬಿದ ಕೋವಿ ಸಿಗುವಂತೆ ಇಟ್ಟರೆ ಅಪ್ಪ ಅಮ್ಮನ ಮೇಲೆ ಕೇಸು. ಅಪಾರ್ಟ್‌ಮೆಂಟ್‌ನಲ್ಲಿ ಇರುವವರು ಗೋಡೆಗೆ ಬೋಲ್ಟ್ ಹಾಕಲು ಆಗದಿದ್ದರೆ ಭಾರದ ಕಪಾಟು ತೆಗೆದುಕೊಳ್ಳಿ, ತೋಟೆಯನ್ನು ಬೇರೆ ಕಡೆ ಬೀಗ ಹಾಕಿ ಇಡಿ.

ಹಾಗಾದರೆ ಯಾವುದು?

ಒಂದೇ ರೈಫಲ್, ಜಿಂಕೆ ಮುಖ್ಯ, ಹಂದಿ ಬಂದರೆ ಬರಲಿ ಅನ್ನುವವರಿಗೆ ನನ್ನ ಉತ್ತರ .308ರ ಬೋಲ್ಟ್, 20 ಅಥವಾ 22 ಇಂಚಿನ ನಳಿಗೆ, ಬೆಸೆದ 150 ಗ್ರೇನ್ ಗುಂಡು. ಅಂಗಡಿಯಲ್ಲಿ ರೂಗರ್ ಅಮೆರಿಕನ್ ಇದ್ದರೆ ಅದನ್ನೇ ತನ್ನಿ. ಒದೆ ಜಾಸ್ತಿ ಅನ್ನಿಸುವವರಿಗೆ ಅದೇ ರೈಫಲ್ 6.5 ಕ್ರೀಡ್‌ಮೂರ್‌ನಲ್ಲಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಒದೆಗೆ ಹೆದರಿ ಕಣ್ಣು ಮುಚ್ಚಿ ಟ್ರಿಗರ್ ಎಳೆಯುವವರ .308ಕ್ಕಿಂತ ನಿಶ್ಚಿಂತೆಯಿಂದ ಒತ್ತುವವರ 6.5 ಎಷ್ಟೋ ಮೇಲು. ಮಗನೋ ಮಗಳೋ ಜೊತೆಗೆ ಬರುತ್ತಾರೆ, ಒಂದೇ ರೈಫಲ್ ಮನೆಯವರೆಲ್ಲ ಹಂಚಿಕೊಳ್ಳಬೇಕು ಅಂದರೆ .243 ಕಾಂಪ್ಯಾಕ್ಟ್.

ಪೂರ್ವದ ಪೈನ್ ಕಾಡಿನಲ್ಲಿ ನಡೆದು ಬೇಟೆಯಾಡುವವರಿಗೆ .30-30 ಮಾರ್ಲಿನ್ ಅಥವಾ ಹೆನ್ರಿ. ಗೆಳೆಯರ ರ‍್ಯಾಂಚ್‌ನಲ್ಲಿ ಹಂದಿ ಕಾಟ ಜಾಸ್ತಿ, ತಿಂಗಳಿಗೊಮ್ಮೆಯಾದರೂ ಹೋಗುತ್ತೀರಿ, ಜಿಂಕೆ ಅಪರೂಪ ಅಂತಾದರೆ ಆಗ ಎಆರ್, 6.5 ಗ್ರೆಂಡೆಲ್ ಅಥವಾ .300 ಬ್ಲ್ಯಾಕೌಟ್‌ನಲ್ಲಿ. .308ರ ಎಆರ್-10 (ಎಆರ್-15ರ ದೊಡ್ಡ ರೂಪ) ಎರಡನ್ನೂ ಮಾಡುತ್ತದೆ ಅಂತ ಹೇಳುವವರಿದ್ದಾರೆ. ನಿಜ, ಆದರೆ ಸ್ಕೋಪ್ ಸೇರಿ ಒಂಬತ್ತು ಹತ್ತು ಪೌಂಡ್ ಹೊತ್ತು ನಡೆದು ನೋಡಿ ಆಮೇಲೆ ನಿರ್ಧಾರ ಮಾಡಿ.

ಕೊಂಡ ಮೇಲೆ ಅಕ್ಟೋಬರ್‌ವರೆಗೆ ಕಾಯಬೇಡಿ, ಆಗ ರೇಂಜ್‌ಗಳು ತುಂಬಿರುತ್ತವೆ. ಬೇಟೆಗೆ ಒಯ್ಯುವ ತೋಟೆಯಿಂದಲೇ ಗುರಿ ಹೊಂದಿಸಿ, ಅಭ್ಯಾಸದ ತೋಟೆಯಿಂದ ಹೊಂದಿಸಿದ್ದು ಬೇರೆ ಜಾಗಕ್ಕೆ ಬೀಳುತ್ತದೆ. .308, 6.5ಕ್ಕೆ ನೂರು ಗಜದಲ್ಲಿ ಒಂದೂವರೆ, ಎರಡು ಇಂಚು ಮೇಲೆ ಬೀಳುವಂತೆ ಇಟ್ಟರೆ ಇನ್ನೂರು ಗಜದವರೆಗೆ ಲೆಕ್ಕ ಹಾಕದೆ ಹೊಡೆಯಬಹುದು. ಆಮೇಲೆ ಮೇಜು ಬಿಟ್ಟು ಏಳಿ. ನೆಲದ ಮೇಲೆ ಕೂತು, ಕೋಲಿಗೆ ಒರಗಿಸಿ, ಎಂಟಿಂಚಿನ ತಟ್ಟೆಗೆ ಹೊಡೆಯಿರಿ. ಐವತ್ತು ಗಜ, ಎಪ್ಪತ್ತೈದು, ನೂರು, ನೂರೈವತ್ತು. ಐದಕ್ಕೆ ಐದೂ ತಟ್ಟೆಯ ಒಳಗೆ ಬೀಳುವ ಕೊನೆಯ ದೂರ ಯಾವುದೋ, ಈ ಸೀಸನ್‌ಗೆ ನೀವು ಪ್ರಾಣಿಯ ಮೇಲೆ ಟ್ರಿಗರ್ ಒತ್ತಬೇಕಾದ ಗರಿಷ್ಠ ದೂರ ಅದೇ.